ದೇವರಮನೆಯ ತಪ್ಪಲಲ್ಲಿ ಒಂದು ಪಟ್ಟಿ

ದೇವರಮನೆ ಎಂಬ ಹೆಸರು ಮೂಡಿಗೆರೆ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಕಾಲಭೈರವೇಶ್ವರನ ಹಳೆಯ ಕಲ್ಲುಗುಡಿಗೂ ಅದನ್ನು ಸುತ್ತುವರಿದ ಹುಲ್ಲುಬೆಟ್ಟಗಳಿಗೂ ಒಟ್ಟಾಗಿ ಸಲ್ಲುತ್ತದೆ. ಘಟ್ಟದ ನೆತ್ತಿಯಾದ ಈ ಸಾಲಿನಲ್ಲಿ ಬಿದ್ದ ಮಳೆಯ ನೀರು ಪಡುವಣಕ್ಕೆ ಜಾರಿದರೆ ನೇತ್ರಾವತಿಯ ಉಪನದಿಗಳನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ, ಮೂಡಣಕ್ಕೆ ಹರಿದರೆ ಹೇಮಾವತಿಯ ಪಾಲಾಗಿ ಕಾವೇರಿಯನ್ನು ಕೂಡುತ್ತದೆ, ಇನ್ನಷ್ಟು ಬಡಗಣಕ್ಕೆ ಕಳಸದ ಕಡೆ ಬಿದ್ದದ್ದು ಭದ್ರೆಯಾಗಿ, ತುಂಗಭದ್ರೆಯಾಗಿ, ಕೊನೆಗೆ ಕೃಷ್ಣೆಗೆ ಸಲ್ಲುತ್ತದೆ. ಒಂದೇ ಮಳೆ ಮೂರು ನದಿಗಳಾಗಿ ಒಡೆಯುವ ಈ ನಾಡಿನಲ್ಲಿ ಒಂದೇ ವಿಪತ್ತು ಹತ್ತಾರು ಇಲಾಖೆಗಳಾಗಿಯೂ ಒಡೆಯುತ್ತದೆ: ಬೆಟ್ಟದ ಕಾಡು ಅರಣ್ಯ ಇಲಾಖೆಯದು, ಕಾಡಿನ ನಡುವೆ ಹಾದುಹೋಗುವ ಹೆದ್ದಾರಿ ಹೆದ್ದಾರಿಯವರದು, ಅದರಿಂದ ಕವಲೊಡೆಯುವ ಊರದಾರಿ ಪಂಚಾಯಿತಿಯದು, ದಾರಿಬದಿಯ ಕಂಬ ಮೆಸ್ಕಾಂನದು, ಕಂಬದಾಚೆಗಿನ ಕಾಫಿ ತೋಟ ಮಾಲೀಕನದು, ತೋಟದ ಅಂಚಿನ ಲೈನ್ ಮನೆಯಲ್ಲಿ, ಎಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಕೋಣೆಗಳೊಂದರಲ್ಲಿ, ಮಲಗಿರುವ ಕುಟುಂಬ ಮಾತ್ರ ಬಹುಮಟ್ಟಿಗೆ ಯಾರದ್ದೂ ಅಲ್ಲ. ಸಂಕಟದ ಕಾಲದಲ್ಲಿ ಸಂಸ್ಥೆಗಳು ಹೇಗೆ ಕೂಡಿ ದುಡಿಯಬೇಕು ಎಂಬ ಪ್ರಶ್ನೆಗೆ ಈ ಬೆಟ್ಟಸಾಲು 2019ರ ಆಗಸ್ಟ್‌ನಲ್ಲಿ ಕೊಟ್ಟ ಉತ್ತರವನ್ನು, ಅಲ್ಲಿನ ಪರಿಹಾರ ಕೇಂದ್ರವೊಂದರಲ್ಲಿ ಕೆಲವು ವಾರ ಕೈಜೋಡಿಸಿದ್ದ ಬರಹಗಾರನೊಬ್ಬನ ನೆನಪಿನ ಆಧಾರದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಆ ವರ್ಷದ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮಳೆ ಕಡಿಮೆಯಾಗಿತ್ತು, ಗದ್ದೆ ನಾಟಿ ಹಿಂದೆ ಬಿದ್ದಿತ್ತು, ಬರದ ಮಾತು ಕೇಳಿಬರತೊಡಗಿತ್ತು. ಆಗಸ್ಟ್ ಮೊದಲ ವಾರದಲ್ಲಿ ಆಶ್ಲೇಷಾ ಮಳೆ, ಅಂದರೆ ಸೂರ್ಯನು ಆಶ್ಲೇಷಾ ನಕ್ಷತ್ರದಲ್ಲಿರುವ ಹದಿನಾಲ್ಕು ದಿನಗಳ ಮಳೆ, ತಡವಾಗಿದ್ದನ್ನೆಲ್ಲ ಒಮ್ಮೆಗೇ ತೀರಿಸುವಂತೆ ಸುರಿಯಿತು. ಕೆಲವೇ ದಿನಗಳಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಹಲವು ಕಡೆ ಕುಸಿದು ಮುಚ್ಚಿತು. ಕಳಸ ಮತ್ತು ಹೊರನಾಡಿನ ನಡುವೆ ಭದ್ರೆಗೆ ಅಡ್ಡಲಾಗಿರುವ ಹೆಬ್ಬಾಳೆ ಸೇತುವೆ ಮುಳುಗಿತು. ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಮೊದಲಾದ ಊರುಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟಗಳ ಮೇಲೆ ಕೆಸರು ಹರಿಯಿತು. ಮನೆಯ ಹಿಂದೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯನ್ನು ಮಲೆನಾಡಿನವರು ಧರೆ ಎನ್ನುತ್ತಾರೆ. ಧರೆ ಕುಸಿಯುವುದು ಪ್ರತಿ ಮಳೆಗಾಲದ ಮಾತು. ಆದರೆ ಆ ಸಲ ಕುಸಿದದ್ದು ಧರೆ ಮಾತ್ರವಲ್ಲ, ನೀರು ಕುಡಿದು ಭಾರವಾದ ಇಡೀ ಇಳಿಜಾರುಗಳು. ನೆಲದೊಳಗಿಂದ ಹೊಸ ಒರತೆಗಳು ಚಿಮ್ಮುವುದಕ್ಕೆ ಇಲ್ಲಿನವರು ಜಲ ಏಳುವುದು ಎನ್ನುತ್ತಾರೆ; ಹಜಾರದ ನೆಲದಲ್ಲೇ ಜಲ ಎದ್ದುದನ್ನು ಕಂಡು ರಾತ್ರಿಯೇ ಮನೆ ಬಿಟ್ಟವರು ಉಳಿದುಕೊಂಡರು. ಆ ಗುರುತನ್ನು ಅವರಿಗೆ ಯಾವ ಇಲಾಖೆಯೂ ಕಲಿಸಿಕೊಟ್ಟಿರಲಿಲ್ಲ.

ಮುಂದಿನ ದಿನಗಳಲ್ಲಿ ನೆರವಿಗೆ ಬಂದವರ ಸಂಖ್ಯೆ ಸಣ್ಣದಲ್ಲ. ಕಂದಾಯ, ಪೊಲೀಸ್, ಅಗ್ನಿಶಾಮಕ, ಆರೋಗ್ಯ, ಅರಣ್ಯ ಇಲಾಖೆಗಳವರು, ವಿಪತ್ತು ರಕ್ಷಣೆಗೆಂದು ತರಬೇತಾದ ಪಡೆಗಳವರು, ಸೇನೆಯವರು, ಬೆಳೆಗಾರರ ಸಂಘಗಳು, ಮಠಗಳು, ದೇವಸ್ಥಾನಗಳು, ಮಸೀದಿ ಮತ್ತು ಚರ್ಚುಗಳ ಯುವಕರು, ಬೆಂಗಳೂರು ಮತ್ತು ಮಂಗಳೂರಿನ ಸ್ವಯಂಸೇವಕರು ಎಲ್ಲರೂ ಬಂದರು. ರಾಜ್ಯದ ಉತ್ತರ ಭಾಗದಲ್ಲಿ ಕೃಷ್ಣಾ ತೀರವೂ ಅದೇ ವಾರ ಮುಳುಗಿತ್ತು. ಮುಖ್ಯಮಂತ್ರಿಯಾಗಿ ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ್ದ ಬಿ.ಎಸ್. ಯಡಿಯೂರಪ್ಪನವರ ಸಂಪುಟದಲ್ಲಿ ಆಗಸ್ಟ್ 20ರವರೆಗೆ ಬೇರೆ ಸಚಿವರಿರಲಿಲ್ಲವಾದ್ದರಿಂದ ಜಿಲ್ಲೆಗೊಬ್ಬ ಉಸ್ತುವಾರಿ ಸಚಿವನೆಂಬ ಏರ್ಪಾಡೂ ಆ ಹೊತ್ತಿಗೆ ಇರಲಿಲ್ಲ. ಆದರೂ ಕಾನೂನಿನ ಚೌಕಟ್ಟು ಇತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪ್ರತಿ ಜಿಲ್ಲೆಯಲ್ಲೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ಕಲ್ಪಿಸಿ, ಜಿಲ್ಲಾಧಿಕಾರಿಯನ್ನು ಅಧ್ಯಕ್ಷರನ್ನಾಗಿಯೂ ಜಿಲ್ಲೆಯ ಚುನಾಯಿತ ಸಂಸ್ಥೆಯ ಮುಖ್ಯಸ್ಥರನ್ನು ಸಹ ಅಧ್ಯಕ್ಷರನ್ನಾಗಿಯೂ ಮಾಡಿದೆ. ಅಧಿಕಾರಿಗೂ ಜನಪ್ರತಿನಿಧಿಗೂ ಒಂದೇ ಮೇಜನ್ನು ಹಾಕಿಕೊಟ್ಟ ಈ ಏರ್ಪಾಡು ವಿವೇಕದ್ದು. ಕೊರತೆಯಾದದ್ದು ಆ ಮೇಜಿನ ಮೇಲೆ ಇರಬೇಕಾಗಿದ್ದ ಕಾಗದ.

ಆ ಕಾಗದ ಎಂದರೆ ಪಟ್ಟಿ. ಒಂದು ಕಣಿವೆಯಲ್ಲಿ ಎಷ್ಟು ಮನೆಗಳಿವೆ, ಮನೆಯಲ್ಲಿ ಯಾರಿದ್ದಾರೆ, ಅವರಲ್ಲಿ ನಡೆಯಲಾರದವರು, ಬಸುರಿಯರು, ಪ್ರತಿದಿನ ಮಾತ್ರೆ ನುಂಗಲೇಬೇಕಾದವರು ಎಷ್ಟು ಮಂದಿ ಎಂಬುದು ಗೊತ್ತಿಲ್ಲದಿದ್ದರೆ ಹತ್ತು ಸಂಸ್ಥೆಗಳು ಬಂದರೂ ಹತ್ತು ಸಲ ಒಂದೇ ಮನೆಗೆ ಹೋಗಿ, ಹನ್ನೊಂದನೆಯ ಮನೆಯನ್ನು ಬಿಟ್ಟುಬರುತ್ತವೆ. ಬರಹಗಾರನಿದ್ದ ಪರಿಹಾರ ಕೇಂದ್ರ ಒಂದು ಶಾಲೆಯ ಕಟ್ಟಡದಲ್ಲಿತ್ತು. ಅಲ್ಲಿ ಮೂರನೆಯ ದಿನದ ಹೊತ್ತಿಗೆ ನಾಲ್ಕು ಪುಸ್ತಕಗಳು ತೆರೆದಿದ್ದವು: ಊಟದ ಲೆಕ್ಕಕ್ಕೆ ಕಂದಾಯದವರದೊಂದು, ಔಷಧಕ್ಕೆ ಆರೋಗ್ಯ ಕಾರ್ಯಕರ್ತೆಯರದೊಂದು, ಕಂಬಳಿ ಹಂಚಿದ ಸಂಘದವರದೊಂದು, ಹೊರಗಿನಿಂದ ಬಂದ ಸಂಸ್ಥೆಯೊಂದರದು ಇನ್ನೊಂದು. ನಾಲ್ಕರಲ್ಲಿ ನಾಲ್ಕು ಸಂಖ್ಯೆಗಳಿದ್ದವು, ಮತ್ತು ಪ್ರತಿಯೊಂದೂ ಬರೆದವನ ಮಟ್ಟಿಗೆ ಸರಿಯಾಗಿಯೇ ಇತ್ತು, ಏಕೆಂದರೆ ಒಂದು ಪುಸ್ತಕ ತಲೆಗಳನ್ನು ಎಣಿಸುತ್ತಿತ್ತು, ಇನ್ನೊಂದು ಕುಟುಂಬಗಳನ್ನು, ಮತ್ತೊಂದು ಪಡಿತರ ಚೀಟಿಗಳನ್ನು. ಹೊರಗಿನ ಸಂಸ್ಥೆಯವರು ತಮ್ಮ ಪುಸ್ತಕವನ್ನು ತೋರಿಸಲು ಒಪ್ಪಲಿಲ್ಲ. ದಾನಿಗಳಿಗೆ ಒಪ್ಪಿಸಬೇಕಾದ ದಾಖಲೆ ಅದೆಂಬುದು ಅವರ ವಾದವಾಗಿತ್ತು. ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಒಬ್ಬ ಮುದುಕಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದ ವಿಷಯ ಆ ಪುಸ್ತಕದಲ್ಲಿ ಬರೆದಿದ್ದೂ, ಪಕ್ಕದ ಮೇಜಿನಲ್ಲೇ ಇದ್ದ ಆರೋಗ್ಯ ಕಾರ್ಯಕರ್ತೆಗೆ ಅದು ತಿಳಿಯಲು ಎರಡು ದಿನ ಹಿಡಿದದ್ದನ್ನು ಮರೆಯುವುದು ಕಷ್ಟ.

ಅದೇ ಕೇಂದ್ರದಲ್ಲಿ ಈ ಗೋಜಲನ್ನು ಬಿಡಿಸಿದವರು ಗ್ರಾಮ ಲೆಕ್ಕಿಗರು, ಆಶಾ ಕಾರ್ಯಕರ್ತೆ ಮತ್ತು ಸಮೀಪದ ತೋಟದ ರೈಟರ್ ಎಂಬುದು ಗಮನಿಸಬೇಕಾದ ಸಂಗತಿ. ರೈಟರ್ ಎಂದರೆ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಿಡಿಯುವ, ಸಂಬಳ ಬಟವಾಡೆ ಮಾಡುವ ನೌಕರ. ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲದ ಹೆಸರುಗಳು ಅವನ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಇರುತ್ತವೆ. ಲೈನ್ ಮನೆಗಳಲ್ಲಿ ವಾಸಿಸುವವರಲ್ಲಿ ಅನೇಕರ ಮತದಾರರ ಗುರುತು ಬೇರೆ ಊರಿನದು, ಪಡಿತರ ಚೀಟಿ ಬೇರೆ ಜಿಲ್ಲೆಯದು, ಇತ್ತೀಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳದಂತೂ ಬೇರೆ ರಾಜ್ಯದ್ದು. ಗ್ರಾಮ ಲೆಕ್ಕಿಗರ ಪುಸ್ತಕ ನೆಲದ ಒಡೆಯರನ್ನು ಬಲ್ಲದು, ಆಶಾ ಕಾರ್ಯಕರ್ತೆಯ ಪುಸ್ತಕ ಮಕ್ಕಳನ್ನೂ ಬಸುರಿಯರನ್ನೂ ಬಲ್ಲದು, ರೈಟರ್‌ನ ಪುಸ್ತಕ ದುಡಿಯುವ ಕೈಗಳನ್ನು ಬಲ್ಲದು. ಮೂವರೂ ಒಂದು ಸಂಜೆ ಲಾಟೀನಿನ ಬೆಳಕಿನಲ್ಲಿ ಕುಳಿತು ಮೂರು ಪುಸ್ತಕಗಳನ್ನು ಒಂದಕ್ಕೊಂದು ತಾಳೆ ನೋಡಿ, ಉದ್ದನೆಯ ಹಾಳೆಯೊಂದರ ಮೇಲೆ ಮನೆವಾರು ಹೆಸರು ಬರೆದು ಶಾಲೆಯ ಗೋಡೆಗೆ ಅಂಟಿಸಿದ ಮೇಲೆ, ಬಂದ ಪ್ರತಿಯೊಂದು ಸಂಸ್ಥೆಯೂ ತಾನು ಮಾಡಿದ್ದನ್ನು ಆ ಹಾಳೆಯ ಮೇಲೆಯೇ ಗುರುತು ಹಾಕಬೇಕೆಂಬ ನಿಯಮ ಉಂಟಾಯಿತು. ಯಾರೂ ಆದೇಶ ಹೊರಡಿಸಲಿಲ್ಲ. ಗೋಡೆಯ ಮೇಲಿದ್ದ ಹೆಸರುಗಳ ಮುಂದೆ ಖಾಲಿ ಜಾಗ ಕಾಣುತ್ತಿದ್ದದ್ದೇ ಸಾಕಾಯಿತು.

ಆಡಳಿತಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಹಬ್ಬಿದ ಕಾಳ್ಗಿಚ್ಚುಗಳಲ್ಲಿ 16 ಮಂದಿ ಸತ್ತು, 700ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದ ನಂತರ ನಡೆದ ವಿಮರ್ಶೆಯಲ್ಲಿ ಕಂಡುಬಂದ ಮುಖ್ಯ ದೋಷ ಜನ ಅಥವಾ ಯಂತ್ರಗಳ ಕೊರತೆಯಾಗಿರಲಿಲ್ಲ. ಬೇರೆ ಬೇರೆ ಅಗ್ನಿಶಾಮಕ ಸಂಸ್ಥೆಗಳು ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರು ಬಳಸುತ್ತಿದ್ದವು, ಅವುಗಳ ರೇಡಿಯೋಗಳು ಪರಸ್ಪರ ಮಾತಾಡುತ್ತಿರಲಿಲ್ಲ, ಯಾರು ಯಾರಿಗೆ ಹೇಳಬೇಕೆಂಬುದು ನಿಶ್ಚಯವಾಗಿರಲಿಲ್ಲ. ಅದರಿಂದ ಹುಟ್ಟಿದ ವ್ಯವಸ್ಥೆಯನ್ನು ಹಲವು ದೇಶಗಳು ತಮಗೆ ಬೇಕಾದಂತೆ ತಿದ್ದಿಕೊಂಡವು. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್ ಎಂಬ ಹೆಸರಿನಲ್ಲಿ, ಅಂದರೆ ಘಟನೆಯೊಂದಕ್ಕೆ ಒಬ್ಬನೇ ಮುಖ್ಯಸ್ಥ, ಒಂದೇ ಯೋಜನೆ, ಎಲ್ಲರಿಗೂ ಗೊತ್ತಿರುವ ಪದಗಳು ಎಂಬ ತತ್ತ್ವದ ಮೇಲೆ, ಅದರ ಮಾರ್ಗಸೂಚಿಯನ್ನು ಪ್ರಕಟಿಸಿತು. ಆ ಮಾರ್ಗಸೂಚಿ ಜಿಲ್ಲಾ ಕಚೇರಿಯ ಕಪಾಟಿನಿಂದ ಶಾಲೆಯ ಗೋಡೆಯವರೆಗೆ ನಡೆದುಬರಲು ಬೇಕಾದದ್ದು ಮೇಲೆ ಹೇಳಿದ ಮೂವರಂಥವರ ಪರಿಚಯ.

ಕೆಲಸಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ರಸ್ತೆಗೆ ಅಡ್ಡಬಿದ್ದ ಒಂದು ಮರಕ್ಕಿಂತ ಒಳ್ಳೆಯ ನಿದರ್ಶನ ಬೇಡ. ತೋಟದ ಬದಿಯ ಸಿಲ್ವರ್ ಓಕ್ ಮರವೊಂದು ವಿದ್ಯುತ್ ತಂತಿಯನ್ನೂ ಎಳೆದುಕೊಂಡು ಬಿದ್ದಿದೆ ಎಂದಿಟ್ಟುಕೊಂಡರೆ, ತಂತಿಯಲ್ಲಿ ಕರೆಂಟ್ ಇಲ್ಲವೆಂದು ಲೈನ್‌ಮ್ಯಾನ್ ಹೇಳುವವರೆಗೆ ಮರ ಕುಯ್ಯುವವನು ಯಂತ್ರ ಇಡಲಾರ. ರಸ್ತೆಬದಿಯ ಮರ ತೋಟದ್ದಾಗಿರದೆ ಸರ್ಕಾರದ್ದಾಗಿದ್ದರೆ ಅರಣ್ಯ ರಕ್ಷಕ ಒಪ್ಪದೆ ಅದನ್ನು ಕಡಿದು ಸಾಗಿಸುವಂತಿಲ್ಲ. ಮರ ತೆಗೆಯದೆ ಜೆಸಿಬಿ ಮುಂದೆ ಹೋಗಲಾರದು. ಜೆಸಿಬಿ ಆಚೆಯ ಕೆಸರನ್ನು ಬಳಿಯದೆ ಆಂಬ್ಯುಲೆನ್ಸ್ ದಾಟಲಾರದು. ಆಚೆ ದಡದಲ್ಲಿ ಹೊಸ ಕಂಬ ನೆಡಲು ಹೋಗಬೇಕಾದ ಲೈನ್‌ಮ್ಯಾನ್ ಸ್ವತಃ ಇದೇ ದಾರಿ ತೆರೆಯುವುದನ್ನು ಕಾಯುತ್ತಿರುತ್ತಾನೆ. ಐದು ಸಂಸ್ಥೆಗಳು ಒಂದೊಂದಾಗಿ ಬಂದರೆ ಈ ಕೆಲಸಕ್ಕೆ ಎರಡು ದಿನ ಬೇಕು, ಐವರೂ ಒಂದೇ ಜೀಪಿನಲ್ಲಿ ಬಂದರೆ ಎರಡು ಗಂಟೆ ಸಾಕು. ಕೆಲವು ಹೋಬಳಿಗಳಲ್ಲಿ ಒಂದೇ ಜೀಪು ಹೊರಟದ್ದು ಉಂಟು. ಮರ ಕುಯ್ಯುವ ಯಂತ್ರ ಬೆಳೆಗಾರನದು, ಜೀಪು ಇನ್ನೊಬ್ಬನದು, ಡೀಸೆಲ್ ಪಂಚಾಯಿತಿಯದು, ಜೊತೆಗೆ ಒಬ್ಬ ಲೈನ್‌ಮ್ಯಾನ್, ಒಬ್ಬ ಅರಣ್ಯ ರಕ್ಷಕ. ಆ ಅರಣ್ಯ ರಕ್ಷಕನೂ ಆ ಬೆಳೆಗಾರನೂ ಒತ್ತುವರಿಯ ವಿಷಯದಲ್ಲಿ ಎದುರುಬದುರಾಗಿ ನಿಂತವರೇ ಆಗಿರಬಹುದಾದ ಈ ನಾಡಿನಲ್ಲಿ, ಅವರಿಬ್ಬರೂ ನೆನೆದ ಮರದ ದಿಮ್ಮಿಯನ್ನು ಎರಡು ತುದಿಯಿಂದ ಹಿಡಿದು ಹೊರಳಿಸಿದ ದೃಶ್ಯಕ್ಕೆ ಬೆಲೆ ಕಟ್ಟಲಾಗದು.

ಇನ್ನೊಂದು ವಿಷಯದಲ್ಲಿ ಮಾತ್ರ ಕೂಡಬೇಕಾದದ್ದು ಕೂಡಲಿಲ್ಲ. ಅದು ಮಳೆಯ ಲೆಕ್ಕ. ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು ಪ್ರತಿ ಬೆಳಿಗ್ಗೆ ಹಿಂದಿನ ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ, ಅಂದರೆ ಇಂಚಿನ ನೂರನೆಯ ಭಾಗದಲ್ಲಿ, ಬರೆದಿಡುವ ಪದ್ಧತಿ ಬಹಳ ಹಳೆಯದು. ಅಜ್ಜ, ಅಪ್ಪ, ಮಗ ಮೂವರ ಕೈಬರಹವಿರುವ ಮಳೆ ಪುಸ್ತಕಗಳು ಈ ಮನೆಗಳಲ್ಲಿ ಸಿಗುತ್ತವೆ. ಇನ್ನೊಂದೆಡೆ, 1988ರಲ್ಲಿ ಬರದ ನಿಗಾ ಘಟಕವಾಗಿ ಆರಂಭವಾಗಿ ನಂತರ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟು, ಹದಿನೈದು ನಿಮಿಷಕ್ಕೊಮ್ಮೆ ಮಿಲಿಮೀಟರ್ ಲೆಕ್ಕದಲ್ಲಿ ಮಾಹಿತಿ ಪಡೆಯುತ್ತದೆ. ಮೊದಲನೆಯದಕ್ಕೆ ದೀರ್ಘ ನೆನಪಿದೆ, ಎರಡನೆಯದಕ್ಕೆ ವೇಗವಿದೆ. ಘಟ್ಟದಲ್ಲಿ ಒಂದು ಗುಡ್ಡದ ಈಚೆ ಬಿದ್ದ ಮಳೆ ಆಚೆ ಬಿದ್ದದ್ದರ ಎರಡರಷ್ಟಾಗಬಲ್ಲದು, ಆದ್ದರಿಂದ ಪಂಚಾಯಿತಿಗೆ ಒಂದು ಮಾಪಕ ಇಲ್ಲಿಗೆ ಸಾಲದು. ತೋಟಗಳ ಪುಸ್ತಕಗಳೂ ಅದರೊಂದಿಗೆ ಸೇರಿದ್ದರೆ ಯಾವ ಇಳಿಜಾರು ಎಷ್ಟು ನೀರು ಕುಡಿದಿದೆ ಎಂಬುದನ್ನು ಒಂದು ದಿನ ಮೊದಲೇ ಊಹಿಸುವ ಸಾಧ್ಯತೆಯಿತ್ತು. ಭೂಕುಸಿತಗಳ ಅಧ್ಯಯನಕ್ಕೆ 2004ರಿಂದ ನೋಡಲ್ ಸಂಸ್ಥೆಯಾಗಿರುವ, ಅಂದರೆ ದೇಶಮಟ್ಟದಲ್ಲಿ ಅದರ ಮುಖ್ಯ ಹೊಣೆ ಹೊತ್ತಿರುವ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಇಂಥ ಲೆಕ್ಕವೇ ಬೇಕು. ಆ ಆಗಸ್ಟ್‌ನಲ್ಲಿ ಇಂಚುಗಳು ಇಂಚುಗಳಾಗಿಯೇ, ಮಿಲಿಮೀಟರ್‌ಗಳು ಮಿಲಿಮೀಟರ್‌ಗಳಾಗಿಯೇ ಉಳಿದವು.

ಚಾರ್ಮಾಡಿಯ ವಿಷಯ ಬೇರೆಯದೇ. ಘಾಟಿಯ ಕೆಳಭಾಗ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿಗೂ ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೂ ಸೇರಿರುವುದರಿಂದ, ರಸ್ತೆಯನ್ನು ಮುಚ್ಚುವುದಕ್ಕಾಗಲಿ ತೆರೆಯುವುದಕ್ಕಾಗಲಿ ಎರಡು ಜಿಲ್ಲೆಗಳ ಆಡಳಿತ ಒಂದೇ ಮಾತು ಆಡಬೇಕು. ಕೊಟ್ಟಿಗೆಹಾರದ ಕಡೆಯವರಿಗೆ ಇದು ಬರಿಯ ಸಂಚಾರದ ಪ್ರಶ್ನೆಯಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗುವ ಹತ್ತಿರದ ದಾರಿ ಅದು. ದಾರಿ ತಿಂಗಳುಗಟ್ಟಲೆ ಮೊದಲಿನಂತಾಗದೆ, ಆಮೇಲೆಯೂ ದೊಡ್ಡ ವಾಹನಗಳಿಗೆ ನಿರ್ಬಂಧ ಉಳಿದಾಗ ಜನ ಕುದುರೆಮುಖದ ಕಡೆಯಿಂದ ಸುತ್ತಿ ಹೋದರು. ಹೊರನಾಡಿನವರಿಗಾದರೋ ಇಂಥ ಸುತ್ತು ಹೊಸದಲ್ಲ. ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಬಂದ ಕೂಡಲೇ ಹಳುವಳ್ಳಿಯ ದಾರಿ ಹಿಡಿಯಬೇಕೆಂಬುದು ಬಸ್ಸಿನವರಿಗೂ ಶಾಲೆಯವರಿಗೂ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬರುವ ಯಾತ್ರಿಕರಿಗೂ ಯಾರೂ ಹೇಳದೆಯೇ ಗೊತ್ತು. ಪದೇ ಪದೇ ಬರುವ ಕಷ್ಟಕ್ಕೆ ಜನ ತಾವೇ ಒಂದು ಏರ್ಪಾಡು ಮಾಡಿಕೊಂಡಿರುತ್ತಾರೆ. ಸಂಸ್ಥೆಗಳು ಮೊದಲು ಕೇಳಿ ತಿಳಿಯಬೇಕಾದದ್ದು ಅದನ್ನು.

ಅಂಥ ಏರ್ಪಾಡುಗಳಲ್ಲಿ ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಇಲ್ಲಿ ನೆನೆಯುವುದು ಅಗತ್ಯ. ನಾಟಿ, ಕೊಯ್ಲುಗಳಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಕೂಲಿ ಪಡೆಯದೆ ಬಂದು ದುಡಿದು, ಆ ಮನೆಯವರಿಂದ ಅಷ್ಟೇ ದಿನಗಳ ದುಡಿಮೆಯನ್ನು ಮರಳಿ ಪಡೆಯುವುದು ಮುಯ್ಯಾಳು. ಕಾಲುಸಂಕವೂ ಇದೇ ಬಗೆಯದು: ಮಳೆಗಾಲಕ್ಕೆ ಮುನ್ನ ಹಳ್ಳದ ಎರಡು ದಡದವರೂ ಅಡಿಕೆಮರ, ಬಿದಿರು, ಬಳ್ಳಿಗಳನ್ನು ಹೊತ್ತು ತಂದು, ಮಕ್ಕಳು ಶಾಲೆಗೆ ದಾಟಲೆಂದು ಕಟ್ಟುವ ಕಿರಿದಾದ ಸೇತುವೆ. ಸಂಕ ಕಟ್ಟುವ ದಿನ ಯಾರು ಎಷ್ಟು ಮರ ಕೊಟ್ಟರೆಂಬ ಚರ್ಚೆ ನಡೆಯುವುದೇ ಇಲ್ಲವೆಂದಲ್ಲ, ಜಗಳವೂ ಆಗುತ್ತದೆ. ಆದರೆ ಜಗಳ ಮೇ ತಿಂಗಳಲ್ಲಿ ಮುಗಿದಿರುತ್ತದೆ. 2019ರಲ್ಲಿ ಕೆಲಸ ಹಗುರವಾಗಿ ಸಾಗಿದ ಊರುಗಳನ್ನು ನೆನಪಿಗೆ ತಂದುಕೊಂಡರೆ, ಬರಹಗಾರನಿಗೆ ಕಾಣುವುದು ಮೇ ತಿಂಗಳಲ್ಲಿಯೇ ಪರಸ್ಪರ ಜಗಳವಾಡಿ ಮುಗಿಸಿದ್ದ ಊರುಗಳು.

ಸಾಮಾನು ಹಂಚಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ವರ್ಷ ಕೊಡಗಿನ ಭೂಕುಸಿತದ ಸಮಯದಲ್ಲಿ ಆದಂತೆ ಇಲ್ಲಿಯೂ ಹಳೆಯ ಬಟ್ಟೆಗಳ ರಾಶಿ ಬಂತು, ಟಾರ್ಪಾಲು ಮತ್ತು ಔಷಧ ಸಾಲದಾದವು. ಗೋಡೆಯ ಪಟ್ಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲಿನಿಂದ ಹೊರಗಿನವರಿಗೆ ಕಳಿಸಲು ಆರಂಭಿಸಿದ ಮೇಲೆ ಬೇಕಾದದ್ದೇ ಬರತೊಡಗಿತು.

ಐದು ವರ್ಷಗಳ ನಂತರ, 2024ರ ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳನ್ನು ಭೂಕುಸಿತ ಅಳಿಸಿಹಾಕಿದಾಗ ಈ ಬೆಟ್ಟದವರು ಆ ಸುದ್ದಿಯನ್ನು ನೆರೆಮನೆಯ ಸುದ್ದಿಯಂತೆ ಕೇಳಿದರು. ಅಲ್ಲಿಯೂ ತೋಟಗಳು, ಅಲ್ಲಿಯೂ ಪಾಡಿ ಎಂದು ಕರೆಯುವ ಲೈನ್ ಮನೆಗಳು, ಅಲ್ಲಿಯೂ ಬೇರೆ ರಾಜ್ಯಗಳಿಂದ ಬಂದ ಕಾರ್ಮಿಕರು. ಕಾಣೆಯಾದವರು ಯಾರೆಂದು ತಿಳಿಯಲು ಅಲ್ಲಿನ ಆಡಳಿತವು ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ದಾಖಲೆ, ಆಶಾ ಕಾರ್ಯಕರ್ತೆಯರ ಮಾಹಿತಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಆಗಸ್ಟ್ ಮೊದಲ ವಾರ ಕಳೆಯುವ ಹೊತ್ತಿಗೆ 138 ಹೆಸರುಗಳ ಕರಡು ಪಟ್ಟಿಯನ್ನು ಪ್ರಕಟಿಸಿ, ತಿದ್ದುಪಡಿಗಳನ್ನು ಸಾರ್ವಜನಿಕರಿಂದಲೇ ಕೋರಿತು. ಒಂದು ಶಾಲೆಯ ಗೋಡೆಯ ಮೇಲೆ ಬದುಕಿರುವವರಿಗಾಗಿ ಮಾಡಿದ್ದ ಕೆಲಸವನ್ನು ಅಲ್ಲಿ ಕಾಣದಾದವರಿಗಾಗಿ ಮಾಡಬೇಕಾಗಿ ಬಂದಿತ್ತು. ಆ ಪಟ್ಟಿಯನ್ನು ಓದಿದ ರಾತ್ರಿ ಮೂಡಿಗೆರೆಯ ಕಡೆಯ ಅನೇಕರಿಗೆ ನಿದ್ದೆ ಬಂದಿರಲಾರದು.

ನಡುವೆ 2020ರಲ್ಲಿ ಕೊರೋನಾ ಬಂದಾಗ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿ ಅಧ್ಯಕ್ಷರ ನೇತೃತ್ವದಲ್ಲಿ ಕಾರ್ಯಪಡೆಗಳನ್ನು ರಚಿಸಿತು, ಅಂದರೆ ಪಂಚಾಯಿತಿ, ಆರೋಗ್ಯ, ಕಂದಾಯ, ಪೊಲೀಸ್ ಸಿಬ್ಬಂದಿ ಕೂಡಿ ಕೂರುವ ಸಮಿತಿಗಳನ್ನು. ಮಳೆಯ ವರ್ಷದಲ್ಲಿ ಪರಸ್ಪರ ಹೆಸರು ಹಿಡಿದು ಕರೆಯಲು ಕಲಿತವರೇ ಆ ಸಮಿತಿಯಲ್ಲಿಯೂ ಇದ್ದ ಕಡೆ ಮೊದಲ ದಿನವೇ ಲೈನ್ ಮನೆಗಳ ಹೆಸರು ಬರೆಯುವ ಕೆಲಸ ಆರಂಭವಾಯಿತು.

ಆದರೆ 2019ರ ನೆನಪಿನಲ್ಲಿ ಅತ್ಯಂತ ಭಾರವಾದ ಭಾಗ ಆಗಸ್ಟ್ ತಿಂಗಳಿಗೆ ಸೇರಿದ್ದಲ್ಲ. ತುರ್ತು ಪರಿಹಾರವಾಗಿ ಹತ್ತು ಸಾವಿರ ರೂಪಾಯಿ ಕೊಡಲು, ಸಂಪೂರ್ಣ ನಾಶವಾದ ಮನೆಗೆ ಐದು ಲಕ್ಷ ರೂಪಾಯಿ ನಿಗದಿಮಾಡಲು ಸರ್ಕಾರಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಮನೆ ಕಟ್ಟುವ ಜಾಗ ಯಾವುದೆಂದು ಹೇಳುವುದಕ್ಕೆ ಬೇಕಾಯಿತು. ಕುಸಿದ ಇಳಿಜಾರಿನಲ್ಲಿ ಮತ್ತೆ ಮನೆ ಕಟ್ಟುವಂತಿಲ್ಲ. ಬದಲಿ ಜಾಗ ಕಂದಾಯ ಇಲಾಖೆಯ ಕಡತದಲ್ಲಿ ಗೋಮಾಳವೆಂದೋ ಸರ್ಕಾರಿ ಪಡವೆಂದೋ ಇರುತ್ತದೆ, ಅದೇ ಜಾಗ ಅರಣ್ಯ ಇಲಾಖೆಯ ಕಡತದಲ್ಲಿ ಡೀಮ್ಡ್ ಅರಣ್ಯವೆಂದು, ಅಂದರೆ ಅಧಿಸೂಚನೆಯಿಲ್ಲದಿದ್ದರೂ ಕಾಡಿನ ಲಕ್ಷಣಗಳಿರುವುದರಿಂದ ಕಾಡೆಂದೇ ಪರಿಗಣಿಸಬೇಕಾದ ನೆಲವೆಂದು ಇರುತ್ತದೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ಈ ವಿಂಗಡಣೆಗೆ ಅದರದೇ ಆದ ನ್ಯಾಯವಿದೆ, ಬೆಟ್ಟದ ಕಾಡು ಉಳಿಯದಿದ್ದರೆ ಬೆಟ್ಟವೂ ಉಳಿಯುವುದಿಲ್ಲ. ಆದರೆ ಎರಡು ಇಲಾಖೆಗಳು ಒಂದೇ ನಕ್ಷೆಯ ಮುಂದೆ ಕುಳಿತು ಇದು ಕಾಡು, ಇದು ಮನೆ ಕಟ್ಟಬಹುದಾದ ನೆಲ ಎಂದು ಗೆರೆ ಎಳೆಯದಿದ್ದ ಕಾರಣಕ್ಕೆ ಕುಟುಂಬಗಳು ಒಂದು ಮಳೆಗಾಲದ ನಂತರ ಇನ್ನೊಂದು ಮಳೆಗಾಲವನ್ನು ಬಾಡಿಗೆ ಮನೆಯಲ್ಲೋ ನೆಂಟರ ಮನೆಯಲ್ಲೋ ಕಳೆದದ್ದು ನ್ಯಾಯವಲ್ಲ. ಲೈನ್ ಮನೆ ಕಳೆದುಕೊಂಡವರ ಸ್ಥಿತಿ ಇನ್ನೂ ಬೇರೆ. ಮನೆ ತೋಟದ್ದಾಗಿದ್ದರಿಂದ ನಾಶವಾದ ಮನೆಗೆ ಸಲ್ಲುವ ಪರಿಹಾರ ಅವರ ಹೆಸರಿಗೆ ಬರುವಂತಿರಲಿಲ್ಲ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕಗಳು ಮಾತ್ರ ಅವರದಾಗಿದ್ದವು.

ಆಗಸ್ಟ್‌ನಲ್ಲಿ ಒಂದೇ ಜೀಪಿನಲ್ಲಿ ಹೊರಟವರು ಅಕ್ಟೋಬರ್ ಹೊತ್ತಿಗೆ ತಮ್ಮ ತಮ್ಮ ಕಚೇರಿಗಳಿಗೆ ಮರಳಿದ್ದರು. ಸ್ವಯಂಸೇವಕರು ಬೇರೆ ಊರುಗಳ ಬೇರೆ ಸಂಕಟಗಳಿಗೆ ಹೋಗಿದ್ದರು. ಶಾಲೆಯಲ್ಲಿ ಪಾಠ ಆರಂಭವಾಗಬೇಕಾಗಿದ್ದರಿಂದ ಗೋಡೆಯ ಹಾಳೆಯನ್ನು ಬಿಡಿಸಿ ತೆಗೆಯಲಾಯಿತು. ಅದರಲ್ಲಿ ಊಟ, ಕಂಬಳಿ, ಔಷಧ, ತುರ್ತು ಹಣ ಎಂಬ ನಾಲ್ಕು ಕಲಮುಗಳು ತುಂಬಿದ್ದವು. ಐದನೆಯ ಕಲಮಿನ ತಲೆಯ ಮೇಲೆ ಆಶಾ ಕಾರ್ಯಕರ್ತೆ ಮೊದಲ ಸಂಜೆಯೇ ಮನೆ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು, ಮತ್ತು ಆ ಗೆರೆಯ ಕೆಳಗೆ ಒಂದು ಗುರುತೂ ಇರಲಿಲ್ಲ. ಅವಳು ಹಾಳೆಯನ್ನು ಎಸೆಯಗೊಡಲಿಲ್ಲ; ಸುರುಳಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಲಸಿಕೆಯ ಪುಸ್ತಕಗಳಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.